ಕತ್ತರಿಗೆ ಮೊದಲು
(ಬಳಗಾನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ಶರಣರನ್ನು ಕುರಿತೋ ದಾಸರನ್ನು ಕುರಿತೋ ಇರತಕ್ಕದ್ದೆಂಬುದು ನಮ್ಮ ಕಡೆಯ ವಾಡಿಕೆ. ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಮಾನ್ವಿಯೂ ಇದೇ ರಾಯಚೂರು ಜಿಲ್ಲೆಯಲ್ಲಿರುವಾಗ ಆ ವಾಡಿಕೆಯನ್ನು ಮುರಿಯುವುದಕ್ಕೆ ಸ್ವಲ್ಪ ಧೈರ್ಯವೇ ಬೇಕು. ವ್ಯವಸ್ಥಾಪಕರು ಆ ಧೈರ್ಯವನ್ನು ತೋರಿ, ಪಂಡಿತನಲ್ಲದ ನನ್ನಂಥ ಕಸುಬುದಾರನೊಬ್ಬನನ್ನು ಕರೆಯಿಸಿ, ನಿನ್ನ ಕಸುಬನ್ನು ಕುರಿತೇ ಹೇಳು ಎಂದು ಅಪ್ಪಣೆ ಮಾಡಿದ್ದಾರೆ. ನನ್ನ ಕಸುಬು ವೀಡಿಯೋ ಸಂಕಲನ. ಜನರ ಬಾಯಲ್ಲಿ ‘ಎಡಿಟಿಂಗ್’. ಅವರ ಪತ್ರದ ಅಡಿಯಲ್ಲಿ ಇನ್ನೂ ಒಂದು ಸಾಲು ಇದ್ದಿತು: ಊರಿನ ಹತ್ತಾರು ಹುಡುಗರು ಮೊಬೈಲಿನಲ್ಲಿ ಹಗಲಿರುಳು ಇದೇ ಕೆಲಸ ಮಾಡುತ್ತಾರೆ, ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಅವರ ತಂದೆತಾಯಿಗಳು ಕೇಳುತ್ತಾರೆ, ಅದಕ್ಕೂ ಸಮಾಧಾನ ಹೇಳಬೇಕು, ಎಂದು. ಹೊಟ್ಟೆಯ ವಿಚಾರ ಬಹು ದೊಡ್ಡದು. ಅದಕ್ಕೆ ಆಮೇಲೆ ಬರೋಣ.

ನೀವೆಲ್ಲರೂ ಬಲ್ಲ ಒಂದು ಬಂಡೆಯಿಂದ ಪ್ರಾರಂಭಿಸುತ್ತೇನೆ. 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬಾತನು ನಮ್ಮ ಮಸ್ಕಿಯಲ್ಲಿ ಒಂದು ಶಿಲಾಶಾಸನವನ್ನು ಕಂಡನು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದಕ್ಕೆ ಮುಂಚೆ, ಗಿರ್ನಾರದಿಂದ ಧೌಲಿಯವರೆಗೆ ಬಂಡೆಗಳ ಮೇಲೆಯೂ ಕಂಬಗಳ ಮೇಲೆಯೂ ಪ್ರಜೆಗಳೊಡನೆ ಮಾತನಾಡುತ್ತಿದ್ದ ಅರಸನು ತನ್ನನ್ನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದನಲ್ಲದೆ ತನ್ನ ಹೆಸರನ್ನು ಹೇಳಿರಲಿಲ್ಲ. ಅಶೋಕನೆಂಬ ಹೆಸರು ಪುರಾತನ ಗ್ರಂಥಗಳಲ್ಲಿದ್ದಿತು. ಸಿಂಹಳದ ಇತಿಹಾಸಗ್ರಂಥಗಳ ನೆರವಿನಿಂದ, ಈ ಪ್ರಿಯದರ್ಶಿಯೇ ಆ ಅಶೋಕನಿರಬೇಕೆಂದು ವಿದ್ವಾಂಸರು ತರ್ಕಿಸಿದ್ದರು. ಮಸ್ಕಿಯ ಬಂಡೆಯ ಮೇಲಾದರೋ, ದೇವಾನಾಂಪ್ರಿಯನೆಂಬ ಬಿರುದಿನ ಮಗ್ಗುಲಲ್ಲಿಯೇ ಅಶೋಕನೆಂಬ ಹೆಸರು ಕುಳಿತಿದ್ದಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಉಡೇಗೋಳಗಳಲ್ಲಿಯೂ ಆ ಹೆಸರು ದೊರಕಿತು. ಮೊದಲಿನ ಮಾನ ಮಾತ್ರ ಮಸ್ಕಿಯದು. ನಾನು ಹೇಳಬೇಕಾದ ಮಾತು ಇಷ್ಟೆ: ಮಸ್ಕಿಯ ಬಂಡೆಯಲ್ಲಿ ಪ್ರಿಯದರ್ಶಿ ಎಂಬ ಮಾತಿಲ್ಲ, ಧೌಲಿಯ ಬಂಡೆಯಲ್ಲಿ ಅಶೋಕ ಎಂಬ ಮಾತಿಲ್ಲ, ಇದನ್ನೂ ಅದನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದವನ ಮನಸ್ಸಿನಲ್ಲಿ, ಎರಡರಲ್ಲಿಯೂ ಕೆತ್ತದಿದ್ದ ಮೂರನೆಯ ವಾಕ್ಯವೊಂದು ಹುಟ್ಟಿತು. ಸಂಕಲನಕಾರನು ದಿನವಹಿ ಮಾಡುವುದು ಇದನ್ನೇ.

ಬಂಡೆ ದೊರೆತ ಕೆಲವೇ ವರ್ಷಗಳ ಅನಂತರ ರಷ್ಯಾ ದೇಶದಲ್ಲಿ ಲೆವ್ ಕುಲೆಶೋವ್ ಎಂಬ ತರುಣನು ಇದೇ ನ್ಯಾಯವನ್ನು ಫಿಲ್ಮಿನ ಮೇಲೆ ಪರೀಕ್ಷಿಸಿದನು. ಮೊಝುಖಿನ್ ಎಂಬ ನಟನ ನಿರ್ವಿಕಾರವಾದ ಮುಖದ ಒಂದು ತುಣುಕನ್ನು ತೆಗೆದುಕೊಂಡು, ಒಮ್ಮೆ ಅದರ ಪಕ್ಕದಲ್ಲಿ ಸಾರಿನ ಬಟ್ಟಲನ್ನೂ, ಮತ್ತೊಮ್ಮೆ ಶವಪೆಟ್ಟಿಗೆಯನ್ನೂ, ಇನ್ನೊಮ್ಮೆ ಒಬ್ಬ ಹೆಂಗಸನ್ನೂ ಅಂಟಿಸಿ ತೋರಿಸಿದನಂತೆ. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ಶೋಕವನ್ನೂ ಒಮ್ಮೆ ಆಸೆಯನ್ನೂ ಕಂಡು ನಟನನ್ನು ಹೊಗಳಿದರಂತೆ. ಮುಖವಾದರೋ ಮೂರು ಸಲವೂ ಒಂದೇ.

ನಾನು ಈ ವಿದ್ಯೆಯ ಗಾಳಿಯನ್ನು ಮೊದಲು ಸೇವಿಸಿದ್ದು ಸಿನಿಮಾ ಮಂದಿರದಲ್ಲಿ ಅಲ್ಲ. 1975ರ ಆಗಸ್ಟ್ 1ರಿಂದ ಸರಿಯಾಗಿ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ತಂದ ಎಟಿಎಸ್-6 ಎಂಬ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತಷ್ಟೆ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ರಾಯಚೂರು, ಗುಲಬರ್ಗಾ, ವಿಜಾಪುರ ಎಂಬ ಮೂರು ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಪ್ರಾರಂಭವಾದುದು 1981ರಲ್ಲಿ. ಹಿಂದುಳಿದವರೆಂದು ಕರೆಯಿಸಿಕೊಂಡ ನಾವು ಅವರಿಗಿಂತ ಆರು ವರ್ಷ ಮುಂಚೆಯೇ ಟಿವಿ ನೋಡಿದವರು! ನನ್ನ ಸೋದರಮಾವನ ಹಳ್ಳಿಯಲ್ಲಿ, ಕೋಳಿಗೂಡಿನ ಜಾಲರಿಯಂತಹ ತಂತಿಬಲೆಯಿಂದ ಮಾಡಿದ ಹತ್ತಡಿಯ ಛತ್ರಿಯೊಂದನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಸಂಜೆಯಾದೊಡನೆ ಊರಿಗೆ ಊರೇ ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂರುತ್ತಿದ್ದಿತು. ಒಂದು ದಿನ ಪರದೆಯಲ್ಲಿ ಒಬ್ಬ ರೈತನು ಎತ್ತುಗಳ ರೋಗವನ್ನು ಕುರಿತು ಮಾತನಾಡುತ್ತಿದ್ದಂತೆಯೇ ಅವನು ಮಾಯವಾಗಿ ಎತ್ತು ಕಾಣಿಸಿಕೊಂಡಿತು. ಮಾತು ಮಾತ್ರ ಮುಂದುವರಿಯಿತು. ನನ್ನ ಮುಂದೆ ಕುಳಿತಿದ್ದ ಮುದುಕಿ, ‘ಆ ಮನಷ್ಯಾ ಎಲ್ಲಿ ಹೋದನ?’ ಎಂದು ಗಾಬರಿಯಾದಳು. ಆಕೆಯ ಮಗ್ಗುಲಲ್ಲಿದ್ದ ಇನ್ನೊಬ್ಬಾಕೆ, ‘ಎತ್ತು ತೋರ್ಸಾಕ ಸರದಾನ, ಬರ್ತಾನ ತಡಿ’ ಎಂದಳು. ಅಷ್ಟರಲ್ಲಿ ಅವನು ಬಂದೇ ಬಿಟ್ಟನು. ಸಂಕಲನದ ವ್ಯಾಕರಣವನ್ನು ಹೇಳುವ ಗ್ರಂಥಗಳನ್ನು ನಾನು ಅನಂತರ ಕೆಲವನ್ನು ಓದಿದ್ದೇನೆ. ಆ ಎರಡನೆಯ ಮುದುಕಿಯಷ್ಟು ಸಂಕ್ಷೇಪವಾಗಿ ಹೇಳಿದವರನ್ನು ಕಾಣೆ.

1991ರಲ್ಲಿ ನಾನು ಸಿಂಧನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಸಹಾಯಕನಾಗಿ ಸೇರಿದೆನು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು, ಭತ್ತದ ಹಣ ಕೈಗೆ ಬಂದು, ಲಗ್ನಗಳಿಗೆ ವೀಡಿಯೋ ತೆಗೆಸುವ ಉತ್ಸಾಹ ಹಳ್ಳಿಹಳ್ಳಿಗೂ ಹಬ್ಬಿದ್ದ ಕಾಲ ಅದು. ಸಂಕಲನಶಾಲೆಯೆಂದರೆ ಮೆಟ್ಟಿಲಿನ ಕೆಳಗಿನ ಗೂಡು: ಎರಡು ವಿಸಿಆರ್, ಎರಡು ಟಿವಿ, ಹೃದಯಾಕಾರದಲ್ಲಿ ಚಿತ್ರವನ್ನು ತೆರೆಯುವ ಒಂದು ಮಿಕ್ಸರ್, ತಲೆಯ ಮೇಲೆ ಕರಕರಗುಟ್ಟುವ ಫ್ಯಾನು. ಒಂದು ಯಂತ್ರದಲ್ಲಿ ಮೂಲ ಕ್ಯಾಸೆಟ್ಟನ್ನು ಓಡಿಸುವುದು, ಬೇಕಾದ ಜಾಗ ಬಂದೊಡನೆ ಇನ್ನೊಂದರಲ್ಲಿ ಮುದ್ರಣದ ಗುಂಡಿಯನ್ನು ಒತ್ತುವುದು: ಕೆಲಸವೆಲ್ಲ ಇಷ್ಟೇ. ಗುಂಡಿಯನ್ನು ಒತ್ತಿದ ಕ್ಷಣಕ್ಕೂ ಯಂತ್ರವು ಎಚ್ಚರಗೊಳ್ಳುವ ಕ್ಷಣಕ್ಕೂ ನಡುವೆ ಒಂದು ಅಂತರವಿದ್ದು, ಅದನ್ನು ಬೆರಳು ಕಲಿತುಕೊಳ್ಳಬೇಕಾಗಿದ್ದಿತು. ಎರಡು ಗಂಟೆಯ ಕ್ಯಾಸೆಟ್ಟು ಮುಗಿದ ಮೇಲೆ, ಮಧ್ಯದಲ್ಲಿ ಮಾವನವರ ಮುಖ ಬಿಟ್ಟುಹೋಗಿದೆಯೆಂದು ಯಾರಾದರೂ ದೂರಿದರೆ, ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಮಾಡಬೇಕು. ಇಲ್ಲವೇ ಪ್ರತಿಯ ಪ್ರತಿ ತೆಗೆಯಬೇಕು. ಮೂರನೆಯ ಪ್ರತಿಯಲ್ಲಿ ಮದುಮಗಳ ಸೀರೆಯ ಕೆಂಪು ಅಂಚನ್ನು ಮೀರಿ ಸೋರಿ ಮದುಮಗನ ಬಿಳಿಯ ಅಂಗಿಯ ಮೇಲೆ ಹರಿಯುತ್ತಿದ್ದಿತು.

ಆ ಗೂಡಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಿಬಿಡಬೇಕು. ಒಂದು ಹಳ್ಳಿಯ ಲಗ್ನ. ಸುರಗಿ ಸುತ್ತುವ ಹೊತ್ತಿನಲ್ಲಿ ನಾಲ್ಕಾರು ಹಿರಿಯ ಹೆಣ್ಣುಮಕ್ಕಳು ಸೋಬಾನ ಪದ ಹಾಡುತ್ತಿದ್ದರು. ಅವರ ನಡುವೆ ಮದುಮಗನ ಅಜ್ಜಿ, ಹಲ್ಲಿಲ್ಲದ ಬಾಯಿ, ಕೈಯಲ್ಲಿ ತಂಬಿಗೆ. ಕ್ಯಾಮೆರಾದವನು ಆಕೆಯ ಮುಖವನ್ನು ಬಹಳ ಚೆನ್ನಾಗಿ ಹಿಡಿದಿದ್ದನು. ನಾನು ಆ ಚಿತ್ರವನ್ನು ಮೆಚ್ಚಿ ಪೂರ್ತಿಯಾಗಿ ಉಳಿಸಿಕೊಂಡೆ. ಧ್ವನಿಯನ್ನು ತೆಗೆದು ಆ ವರ್ಷದ ಸಿನಿಮಾ ಹಾಡನ್ನು ಅದರ ಮೇಲೆ ಹಾಕಿದೆ. ನಿಜ ಹೇಳುವುದಾದರೆ ನಾನು ಆ ಪದವನ್ನು ಕೇಳಿಯೇ ಇರಲಿಲ್ಲ. ಫ್ಯಾನಿನ ಸದ್ದಿಗೆ ಟಿವಿಯ ಧ್ವನಿಯನ್ನು ತಗ್ಗಿಸಿ ಕಣ್ಣಿನಿಂದಲೇ ಕೆಲಸ ಮುಗಿಸುವ ರೂಢಿ ನನ್ನದು. ಮೂಲ ಕ್ಯಾಸೆಟ್ಟು ಮುಂದಿನ ಲಗ್ನಕ್ಕೆ ಹೋಯಿತು. ಕ್ಯಾಸೆಟ್ಟಿನ ಬೆಲೆ ಹೆಚ್ಚಾಗಿದ್ದುದರಿಂದ ಒಂದರ ಮೇಲೊಂದು ಮುದ್ರಿಸುವುದೇ ಪದ್ಧತಿಯಾಗಿದ್ದಿತು. ಎಂಟು ತಿಂಗಳ ಮೇಲೆ ಆ ಅಜ್ಜಿಯ ಮಗನು ಅಂಗಡಿಯ ಬಾಗಿಲಿಗೆ ಬಂದನು. ಚಪ್ಪಲಿ ಬಿಟ್ಟು ಒಳಗೆ ಬಂದು, ಬಹಳ ಮೆಲ್ಲಗೆ, ‘ತಮ್ಮಾ, ನಮ್ಮವ್ವ ಹಾಡಿದ್ದು ಅದ್ರಾಗ ಇರಬೇಕಲಾ? ಬಾಯಿ ಅಲ್ಲಾಡ್ತೈತಿ, ದನಿ ಬರವಲ್ದು’ ಎಂದನು. ಆಕೆ ತೀರಿಕೊಂಡು ಹದಿನೈದು ದಿನವಾಗಿದ್ದಿತು. ಯಂತ್ರ ಕೆಟ್ಟಿರಬಹುದೆಂದು ನಾನೊಂದು ಸುಳ್ಳು ಹೇಳಿದೆ. ಅವನು ನಂಬಿ, ರಿಪೇರಿಯಾದ ಮೇಲೆ ಬರುತ್ತೇನೆಂದು ಹೇಳಿ ಹೋದನು. ಎರಡು ಸಲ ಬಂದನು.

ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಕತ್ತರಿಯನ್ನು ಎತ್ತಿಕೊಳ್ಳುವುದಕ್ಕೆ ಮೊದಲು ಬಂದುದನ್ನೆಲ್ಲ ಆದ್ಯಂತವಾಗಿ ನೋಡಿರಿ, ಕೇಳಿರಿ. ಇದು ಉಪದೇಶವಲ್ಲ, ಕಸುಬಿನ ಕ್ರಮ. ಫಿಲ್ಮಿನ ಕಾಲದಲ್ಲಿ ಈ ಕ್ರಮವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಸ್ತುವೇ ಅದನ್ನು ಕಲಿಸುತ್ತಿದ್ದಿತು. 35 ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ ಹದಿನಾರು ಚೌಕಟ್ಟು, ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು. ಸಾವಿರ ಅಡಿಯ ಸುರುಳಿಯೆಂದರೆ ಹನ್ನೊಂದು ನಿಮಿಷ. ಕನ್ನಡ ಚಿತ್ರಗಳು ಬಹುಕಾಲ ಮದರಾಸಿನಲ್ಲಿ ಸಿದ್ಧವಾಗುತ್ತಿದ್ದಾಗ, ಅಲ್ಲಿನ ಸಂಕಲನದ ಕೋಣೆಗಳಲ್ಲಿ ಸಹಾಯಕರು ಫಿಲ್ಮಿನ ತುಂಡುಗಳನ್ನು ಒಣಹಾಕಿದ ಶ್ಯಾವಿಗೆಯ ಹಾಗೆ ತೂಗುಹಾಕಿ, ಒಂದೊಂದಕ್ಕೂ ಗುರುತು ಬರೆದು, ಸಂಕಲನಕಾರನು ಕೇಳಿದೊಡನೆ ತೆಗೆದು ಕೊಡಬೇಕಾಗಿದ್ದಿತು. ಮೂವಿಯೋಲಾ ಎಂಬ ಯಂತ್ರದ ಪುಟ್ಟ ಗಾಜಿನಲ್ಲಿ ಬಗ್ಗಿ ನೋಡಿ, ಮೇಣದ ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸುವುದು. ತಪ್ಪಿದರೆ ಮತ್ತೆ ಅಂಟಿಸಬಹುದು, ನಿಜ. ಆದರೆ ಅಂಟಿಸಿದ ಗಾಯ ಕಾಣುತ್ತಿದ್ದಿತು. ಭಯವೇ ಅವರನ್ನು ನೋಡುವಂತೆ ಮಾಡಿದ ಗುರು. 1989ರಲ್ಲಿ ಏವಿಡ್ ಎಂಬ ಗಣಕವ್ಯವಸ್ಥೆ ಬಂದಿತು. 1996ರ ‘ದಿ ಇಂಗ್ಲಿಷ್ ಪೇಷೆಂಟ್’ ಚಿತ್ರವನ್ನು ಗಣಕದಲ್ಲಿ ಸಂಕಲಿಸಿದ ವಾಲ್ಟರ್ ಮರ್ಚ್ ಅದಕ್ಕೆ ಆಸ್ಕರ್ ಪಡೆದನು. ಈತನು ನಿಂತುಕೊಂಡೇ ಸಂಕಲಿಸುವವನು; ಅಡಿಗೆಯವನೂ ಶಸ್ತ್ರವೈದ್ಯನೂ ನಿಲ್ಲುವುದಿಲ್ಲವೇ ಎಂಬುದು ಅವನ ವಾದ. ಈಗ ನಮ್ಮ ಬೆರಳ ತುದಿಯಲ್ಲಿ ‘ಅನ್‌ಡೂ’ ಎಂಬ ಕ್ಷಮಾಪಣೆಯ ಕೀಲಿ ಇದೆ. ಎಷ್ಟು ಸಲ ಕತ್ತರಿಸಿದರೂ ಮೂಲಕ್ಕೆ ಗಾಯವಿಲ್ಲ. ಭಯ ಹೋಯಿತು, ಒಳ್ಳೆಯದೇ ಆಯಿತು. ಆದರೆ ಅದರ ಕೈಹಿಡಿದಿದ್ದ ಗಮನವೂ ಅದರೊಡನೆ ಎದ್ದು ಹೋದುದನ್ನು ನಾನು ಕಂಡಿದ್ದೇನೆ. ಮೂವತ್ತು ಸೆಕೆಂಡಿನ ರೀಲ್ಸಿಗಾಗಿ ಆರು ಗಂಟೆಯ ಚಿತ್ರವನ್ನು ಹೆಬ್ಬೆರಳಿನಿಂದ ಸರಸರನೆ ತಳ್ಳಿ ಮಿನುಗಿದ ಮೂರು ತುಣುಕನ್ನು ಹೆಕ್ಕುವವನು, ರಾಶಿಯನ್ನು ತೂರದೆಯೇ ಕಾಳು ಸಿಕ್ಕಿತೆಂದು ಹಿಗ್ಗುವವನಂತೆ.

ಜೋಡಣೆಯ ಕೌಶಲವನ್ನು ಕುರಿತು ಹೇಳುವುದು ಬಹಳವಿದೆ. ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದರ ದೃಷ್ಟಾಂತವನ್ನು ಇಲ್ಲಿ ಕುಳಿತಿರುವ ತಾಯಂದಿರೇ ಉಟ್ಟುಕೊಂಡಿದ್ದಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲು ಹತ್ತಿಯದಾಗಿರಬಹುದು, ಸೆರಗು ರೇಷ್ಮೆಯದು. ನೇಕಾರನು ಎರಡನ್ನೂ ಹೊಲಿದು ಕೂಡಿಸುವುದಿಲ್ಲ. ಇದರ ಎಳೆಯ ಕೊಂಡಿಯೊಳಗೆ ಅದರ ಎಳೆಯ ಕೊಂಡಿಯನ್ನು ಸಿಕ್ಕಿಸಿ, ಒಂದು ಇನ್ನೊಂದರೊಳಕ್ಕೆ ಸ್ವಲ್ಪ ಹೊಕ್ಕಿರುವಂತೆ ಮಾಡುತ್ತಾನೆ. ಒಳ್ಳೆಯ ಸಂಕಲನದಲ್ಲಿ ಚಿತ್ರವೂ ಧ್ವನಿಯೂ ಹೀಗೆಯೇ ಕೊಂಡಿ ಹಾಕಿಕೊಂಡಿರುತ್ತವೆ. ಚಿತ್ರವನ್ನೂ ಧ್ವನಿಯನ್ನೂ ಒಂದೇ ಗೆರೆಯಲ್ಲಿ ಕೊಯ್ದರೆ, ಬಾಗಿಲು ಧಡ್ಡನೆ ಮುಚ್ಚಿದಂತಾಗುತ್ತದೆ. ತಾಯಿಯ ಮುಖ ಇನ್ನೂ ಪರದೆಯಲ್ಲಿರುವಾಗಲೇ, ಮುಂದಿನ ದೃಶ್ಯದ ಬಸ್ಸಿನ ಹಾರ್ನ್ ಎಲ್ಲಿಯೋ ಕೇಳಿಸತೊಡಗಲಿ. ಮಗನು ಹೊರಟನೆಂಬುದನ್ನು ಆಕೆಯ ಮುಖದಲ್ಲಿಯೇ ನಾವು ಓದುತ್ತೇವೆ, ಬಸ್ಸು ಆಮೇಲೆ ಬಂದರೂ ಚಿಂತೆಯಿಲ್ಲ. ಅಥವಾ ಬಸ್ಸು ಬಂದು ನಿಂತ ಮೇಲೆಯೂ ಮನೆಯ ಗಡಿಯಾರದ ಸದ್ದು ಮೂರು ಕ್ಷಣ ಉಳಿಯಲಿ. ಟೈಮ್‌ಲೈನಿನ ಮೇಲೆ ಇಂತಹ ಕತ್ತರಿಕೆಯ ಆಕಾರವನ್ನು ನೋಡಿ ಇಂಗ್ಲಿಷಿನವರು ‘ಜೆ-ಕಟ್’, ‘ಎಲ್-ಕಟ್’ ಎಂದು ಹೆಸರಿಟ್ಟಿದ್ದಾರೆ. ಇಳಕಲ್ಲಿನವರು ನಮಗಿಂತ ಮೊದಲೇ ಇದನ್ನು ಬಲ್ಲವರು.

ಇನ್ನು ಹೊಟ್ಟೆಯ ವಿಚಾರ. 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್: ಚಾಪ್ಟರ್ 2’ ಚಿತ್ರದ ಸಂಕಲನಕಾರ ಉಜ್ವಲ್ ಕುಲಕರ್ಣಿ ನಮ್ಮ ಕಲಬುರಗಿಯವರು; ಆಗ ಅವರಿಗೆ ವಯಸ್ಸು ಇಪ್ಪತ್ತರ ಆಸುಪಾಸು. ಯೂಟ್ಯೂಬಿಗಾಗಿ ಅಭಿಮಾನದಿಂದ ಮಾಡಿದ ಸಂಕಲನಗಳು ನಿರ್ದೇಶಕ ಪ್ರಶಾಂತ್ ನೀಲ್ ಅವರ ಗಮನಕ್ಕೆ ಬಂದುದೇ ಆ ಅವಕಾಶಕ್ಕೆ ಕಾರಣವಾಯಿತು. ಈ ಕಥೆಯನ್ನು ಕೇಳಿದ ಪ್ರತಿಯೊಬ್ಬ ಹುಡುಗನೂ ಮರುದಿನವೇ ಕಾಲೇಜು ಬಿಡಲು ಸಿದ್ಧನಾಗುತ್ತಾನೆ, ಹಾಗೆ ಬಿಡಬೇಡಿರಿ. ಆದರೆ ಅದರಲ್ಲಿ ಒಂದು ಅಂಶ ಎಲ್ಲರಿಗೂ ಸಲ್ಲುವಂಥದು: ಯಾರಾದರೂ ಕರೆದು ಕೆಲಸ ಕೊಡಲೆಂದು ಅವರು ಕಾಯುತ್ತ ಕೂಡಲಿಲ್ಲ, ಕೈಗೆ ಸಿಕ್ಕ ಚಿತ್ರವನ್ನು ತೆಗೆದುಕೊಂಡು ಕೆಲಸವನ್ನೇ ಮಾಡಿ ತೋರಿಸಿದರು. ನಮ್ಮ ಕಸುಬಿನಲ್ಲಿ ಪ್ರಮಾಣಪತ್ರವನ್ನು ಕೇಳುವವರು ಕಡಿಮೆ. ‘ಏನು ಮಾಡಿದ್ದೀ, ತೋರಿಸು’ ಎನ್ನುವವರೇ ಎಲ್ಲ. ಎರಡು ನಿಮಿಷದ, ಆದರೆ ಪೂರ್ತಿಯಾದ, ಒಂದು ಕೆಲಸ ನಿಮ್ಮ ಬಳಿ ಇರಲಿ. ನಾಟಿಯ ದಿನ ನಿಮ್ಮ ಓಣಿಯ ಹೆಂಗಸರು ಗದ್ದೆಗೆ ಹೋಗಿ ಬರುವುದನ್ನು ಮೊಬೈಲಿನಲ್ಲಿಯೇ ತೆಗೆದು, ಮಾತಿಲ್ಲದೆ, ಸಂಗೀತವಿಲ್ಲದೆ, ನೋಡುವವನಿಗೆ ತಿಳಿಯುವಂತೆ ಜೋಡಿಸಿದರೆ ಸಾಕು. ಅದನ್ನು ಮಾಡಬಲ್ಲವನಿಗೆ ಮಿಕ್ಕದ್ದೆಲ್ಲ ಬರುತ್ತದೆ.

ಶಾಸ್ತ್ರೀಯವಾಗಿ ಕಲಿಯಬೇಕೆಂಬವರಿಗೆ 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಸ್ಥಾಪಿತವಾದ ಪುಣೆಯ ಸಂಸ್ಥೆ ಇದೆ, ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯ್ ಅವರ ಹೆಸರಿನ ಸಂಸ್ಥೆ ಇದೆ. ಎರಡರಲ್ಲಿಯೂ ಸಂಕಲನಕ್ಕೆ ಪ್ರತ್ಯೇಕ ವಿಭಾಗವಿದ್ದು, ಪ್ರವೇಶಪರೀಕ್ಷೆಯನ್ನು ಎದುರಿಸಬೇಕು. ನಮ್ಮಲ್ಲಿಯೇ ಹೆಸರಘಟ್ಟದ ಸರ್ಕಾರಿ ಸಂಸ್ಥೆ ಇದೆ. ಅದರ ಬೇರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ, ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಕಲಿತ ಜಾಗದಲ್ಲಿ. ಶಾಲೆಗೆ ಹೋಗಲಾರದವರು ಹಿರಿಯ ಸಂಕಲನಕಾರರ ಕೈಕೆಳಗೆ ನಿಂತು ಕಲಿಯುವ ದಾರಿಯೂ ಉಂಟು. ಕನ್ನಡದ ಸುರೇಶ್ ಅರಸ್ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಸಂಕಲನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರೆಂಬುದನ್ನು ನೆನೆದರೆ, ಈ ವಿದ್ಯೆಗೆ ಭಾಷೆಯ ಗಡಿ ಅಡ್ಡಿಯಲ್ಲವೆಂಬುದು ತಿಳಿಯುತ್ತದೆ.

ಸಹಾಯಕನಾಗಿ ಸೇರಿದವನಿಗೆ ಮೊದಲ ವರ್ಷ ಕತ್ತರಿ ಕೊಡುವುದಿಲ್ಲ. ಕಾರ್ಡಿನಿಂದ ಹಾರ್ಡ್ ಡಿಸ್ಕಿಗೆ ಇಳಿಸುವುದು, ಇಳಿಸಿದ್ದು ಸರಿಯಾಗಿ ಬಂದಿದೆಯೇ ಎಂದು ನೋಡುವುದು, ಕ್ಲ್ಯಾಪಿನ ಪೆಟ್ಟು ಕೇಳುವ ಕ್ಷಣಕ್ಕೂ ಹಲಗೆ ಮುಚ್ಚುವ ಚೌಕಟ್ಟಿಗೂ ಗಂಟುಹಾಕಿ ಧ್ವನಿಯನ್ನು ಚಿತ್ರದೊಡನೆ ಹೊಂದಿಸುವುದು, ಹೆಸರಿಡುವುದು. ‘ಫೈನಲ್’, ‘ಫೈನಲ್ ಹೊಸದು’, ‘ಕಟ್ಟಕಡೆಯ ಫೈನಲ್’ ಎಂದು ಕಡತಗಳಿಗೆ ಹೆಸರಿಡುವವನು ಈ ಕಸುಬಿನಲ್ಲಿ ಬಹಳ ಕಾಲ ಬಾಳಲಾರನು. ಲೆಕ್ಕ ತಿಳಿದಿರಬೇಕು: ಸೆಕೆಂಡಿಗೆ ನೂರು ಮೆಗಾಬಿಟ್ಟಿನಂತೆ ಚಿತ್ರೀಕರಿಸಿದ 4ಕೆ ವೀಡಿಯೋ ಗಂಟೆಗೆ 45 ಗಿಗಾಬೈಟ್ ನುಂಗುತ್ತದೆ; ಎರಡು ಕ್ಯಾಮೆರಾ ಹತ್ತು ಹತ್ತು ಗಂಟೆ ಓಡಿದ ಒಂದು ಲಗ್ನವೆಂದರೆ 900 ಗಿಗಾಬೈಟ್, ಅದಕ್ಕೆ ಎರಡನೆಯ ಪ್ರತಿ ಬೇರೆ. ಹಾರ್ಡ್ ಡಿಸ್ಕಿನ ಬೆಲೆಯನ್ನು ಗಿರಾಕಿಯ ಲೆಕ್ಕದಲ್ಲಿ ಮೊದಲೇ ಹಿಡಿಯದವನು ಸೀಜನ್ ಮುಗಿಯುವ ಹೊತ್ತಿಗೆ ತನ್ನ ಕೂಲಿಯಿಂದಲೇ ಅದನ್ನು ಕೊಂಡಿರುತ್ತಾನೆ. ಎಷ್ಟು ಸಲ ತಿದ್ದಿಕೊಡುವೆನೆಂಬುದನ್ನೂ ಮುಂಗಡ ಎಷ್ಟೆಂಬುದನ್ನೂ ಬಾಯಿಮಾತಿನಲ್ಲಿ ಬಿಡದೆ ಬರೆದುಕೊಳ್ಳಿರಿ. ಬೀಗರ ಮನೆಯಲ್ಲಿ ಇಂತಹ ಮಾತು ಹೇಗೆ ಆಡಲಿ ಎಂಬ ದಾಕ್ಷಿಣ್ಯದಿಂದ ಸೋತವರನ್ನು ನಾನು ಬಹಳ ಕಂಡಿದ್ದೇನೆ, ನಾನೂ ಅವರಲ್ಲೊಬ್ಬ. ಆಷಾಢದಲ್ಲಿ ಲಗ್ನವಿಲ್ಲ, ಆ ತಿಂಗಳಿಗೆ ಸುದ್ದಿವಾಹಿನಿಯವರದೋ, ಕೃಷಿಯ ಯೂಟ್ಯೂಬ್ ಚಾನೆಲ್ಲಿನವರದೋ, ಕಾಲೇಜಿನ ವಾರ್ಷಿಕೋತ್ಸವದ್ದೋ, ಮುಖಂಡರ ಹುಟ್ಟುಹಬ್ಬದ್ದೋ ಕೆಲಸವನ್ನು ಮೊದಲೇ ನೋಡಿಕೊಂಡಿರಬೇಕು. ಕೊನೆಯದರಲ್ಲಿ ಕಲೆಗೆ ಅವಕಾಶ ಕಡಿಮೆ. ಹಣ ಮಾತ್ರ ಕೂಡಲೇ ಕೈಗೆ ಬರುತ್ತದೆ. ತಂದೆತಾಯಿಗಳ ಪ್ರಶ್ನೆಗೆ ನನ್ನ ಉತ್ತರ ಇದು: ಒಣಬೇಸಾಯದಷ್ಟು ಅನಿಶ್ಚಿತವಲ್ಲ, ಕಾಲುವೆಯ ಬೇಸಾಯದಷ್ಟು ಭದ್ರವೂ ಅಲ್ಲ. ಕಾಲುವೆಯ ಕೊನೆಯ ಭಾಗದಲ್ಲಿ ಹೊಲವಿರುವವರು ಈ ಮಾತಿಗೆ ನಗುತ್ತಿರುವುದು ನನಗೆ ಕಾಣುತ್ತಿದೆ.

ಕಳೆದ ವೈಶಾಖದಲ್ಲಿ, ಇದೇ ಸೀಮೆಯ ಒಬ್ಬ ಹುಡುಗನು ತನ್ನ ಅಕ್ಕನ ಲಗ್ನದ ಹಾರ್ಡ್ ಡಿಸ್ಕನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದನು. ಸುರಗಿಯ ದೃಶ್ಯಕ್ಕೆ ಯಾವ ಹಾಡು ಹಾಕಲಿ, ಸಿನಿಮಾ ಹಾಡು ಹಾಕಿದರೆ ಯೂಟ್ಯೂಬಿನವರು ಹಕ್ಕಿನ ತಕರಾರು ಮಾಡುತ್ತಾರೆ ಎಂಬುದು ಅವನ ತೊಡಕು. ಮೊದಲು ಬಂದದ್ದನ್ನು ಬಂದಂತೆ ಹಾಕು, ನೋಡೋಣ ಎಂದೆ. ಹೆಡ್‌ಫೋನಿನ ಒಂದು ಕಿವಿ ಅವನಿಗೆ, ಒಂದು ಕಿವಿ ನನಗೆ. ಹನ್ನೊಂದು ನಿಮಿಷ. ಮಧ್ಯೆ ಕುಕ್ಕರು ಎರಡು ಸಲ ಕೂಗಿತು, ಯಾವುದೋ ಕೂಸು ಅತ್ತಿತು, ಯಾರೋ ಎಣ್ಣೆ ತರಲು ಹೇಳಿದರು. ಇದೆಲ್ಲದರ ಕೆಳಗೆ ಐದಾರು ಹೆಂಗಸರ ಪದ, ಒಬ್ಬಾಕೆ ಸಾಲು ಮರೆತಾಗ ಇನ್ನೊಬ್ಬಾಕೆ ಎತ್ತಿಕೊಂಡುದು, ಮರೆತವಳು ನಕ್ಕುದು. ಏಳನೆಯ ನಿಮಿಷದ ಹೊತ್ತಿಗೆ ಹುಡುಗನ ಕೈ ಮೌಸಿನ ಮೇಲಿಂದ ಜಾರಿ ತೊಡೆಯ ಮೇಲಿದ್ದಿತು. ‘ಆ ಎರಡನೇ ದನಿ ನಮ್ಮ ದೊಡ್ಡವ್ವಂದು ಸರ್’ ಎಂದನು. ಲಗ್ನದ ವೀಡಿಯೋದಲ್ಲಿ ಅವನ ಭಾವನು ಕೇಳಿದ ಸಿನಿಮಾ ಹಾಡನ್ನೇ ಅವನು ಹಾಕಿದನೆಂಬುದನ್ನೂ ಇಲ್ಲಿ ಮುಚ್ಚಿಡಬಾರದು. ಆದರೆ ಆ ಹನ್ನೊಂದು ನಿಮಿಷವನ್ನು ಬೇರೆಯೇ ಒಂದು ಕಡತವಾಗಿ ತೆಗೆದು, ಅದಕ್ಕೆ ತನ್ನ ದೊಡ್ಡವ್ವನ ಹೆಸರನ್ನೂ ತಾರೀಖನ್ನೂ ಬರೆದು, ಎರಡು ಡಿಸ್ಕುಗಳಲ್ಲಿ ಇಟ್ಟುಕೊಂಡು ಹೋದನು.